ಹೊಳೆಯ ಎರಡು ದಡದ ಡಿಶ್‌ಗಳು

ಡಿಶ್ ಕೊಂಡದ್ದು ೨೦೨೪ರ ಅಕ್ಟೋಬರ್ ೧೪, ಸೋಮವಾರ. ಆಧಾರ: ಕೊಪ್ಪದ ಅಂಗಡಿಯ ರಸೀದಿ. ಅದರ ತಾರೀಖನ್ನು ಗೋಡೆಯ ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ. ನನ್ನ ನೆನಪು ಮಾತ್ರ ಆ ದಿನವನ್ನು ಆಯುಧಪೂಜೆಯ ಮರುದಿನವೆಂದೇ ಹೇಳುತ್ತಿತ್ತು. ಅಂಗಡಿಯ ಡ್ರಿಲ್ ಯಂತ್ರಕ್ಕೆ ಹಚ್ಚಿದ್ದ ಕುಂಕುಮ ಹಸಿಯಾಗಿತ್ತು, ಸಿಕ್ಕಿಸಿದ ಚೆಂಡುಹೂವು ಬಾಡಿರಲಿಲ್ಲ ಎಂಬ ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ವರ್ಷ ವಿಜಯದಶಮಿ ಬಿದ್ದದ್ದು ಶನಿವಾರ. ಅಂದು ಆ ಅಂಗಡಿ ತೆರೆದಿರಲಿಲ್ಲ, ಮರುದಿನ ಭಾನುವಾರ. ಹೀಗಾಗಿ ಸೋಮವಾರವೇ ಸರಿ. ಹೂವು ಬಾಡಿರಲೇಬೇಕು.

ವೃತ್ತಿಯುದ್ದಕ್ಕೂ ನಾನು ಮಾಡಿದ್ದು ಶಾಸನಗಳ ಕಾಲನಿರ್ಣಯ. ಶಾಸನದಲ್ಲಿ ಹೇಳಿದ ತಿಥಿಗೂ ವಾರಕ್ಕೂ ಹೊಂದದಿದ್ದರೆ ಅದನ್ನು ಕೂಟಶಾಸನವೆಂದು, ಎಂದರೆ ನಕಲಿಯೆಂದು, ಶಂಕಿಸಬೇಕು ಎಂಬುದು ಆ ಕೆಲಸದ ಮೊದಲ ಪಾಠ. ನಿವೃತ್ತಿಯ ನಂತರ ಈ ಅಭ್ಯಾಸ ಹಾಲಿನವನ ಮೇಲೂ ಬಸ್ಸಿನ ವೇಳಾಪಟ್ಟಿಯ ಮೇಲೂ ತಿರುಗಿದೆಯೆಂದು ಮನೆಯವರ ದೂರು. ಆ ಅಕ್ಟೋಬರಿನಲ್ಲಿ ಅದು ವೈಫೈ ಉಪಕರಣಗಳ ಮೇಲೆ ತಿರುಗಿತು.

ಕಾರಣ ನನ್ನ ಸೋದರ ಸೊಸೆ, ಎಂದರೆ ಅಕ್ಕನ ಮಗಳು. ಕೊಪ್ಪದ ಕಾಲೇಜೊಂದರಲ್ಲಿ ಹದಿನೈದು ವರ್ಷ ಲೆಕ್ಕಶಾಸ್ತ್ರ ಕಲಿಸಿದವಳು. ವಿದ್ಯಾರ್ಥಿಗಳು ಕಡಿಮೆಯಾಗಿ ಅಲ್ಲಿ ವಾಣಿಜ್ಯ ವಿಭಾಗವೇ ನಿಂತುಹೋದಾಗ ಮನೆಯಲ್ಲಿ ಕೂತಳು. ನಲವತ್ತು ದಾಟಿದ ಮೇಲೆ ಇನ್ನೊಂದು ಕಾಲೇಜು ಕರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕೊನೆಗೆ ಆನ್‌ಲೈನ್ ತರಗತಿ ನಡೆಸುವ ಸಂಸ್ಥೆಯೊಂದು ಅವಳನ್ನು ವರ್ಷಾಂತ್ಯದವರೆಗೆ ಪರೀಕ್ಷಾರ್ಥ ತೆಗೆದುಕೊಂಡಿತು. ಸಂಜೆ ಐದರಿಂದ ತರಗತಿ. ಒಂದೇ ಷರತ್ತು: ತರಗತಿ ನಡುವೆ ಕಡಿಯಬಾರದು. ಪದೇ ಪದೇ ಕಡಿದರೆ ಜನವರಿಯಿಂದ ಬೇರೆಯವರು.

ಅವಳ ಮನೆ ಇರುವುದು ಹರಿಹರಪುರದ ಎದುರು, ತುಂಗೆಯ ಆಚೆ ದಡದ ಇಳಿಜಾರಿನಲ್ಲಿ. ಅಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಹಿಂದಿನ ಒಂದು ಮೂಲೆಯಲ್ಲಿ ಮಾತ್ರ, ಅದೂ ಮಾತಾಡುವಷ್ಟು, ಒಂದು ಫೋಟೊ ಕಳಿಸುವಷ್ಟು. ಫೈಬರ್ ತಂತಿ ಹೊಳೆ ದಾಟಿಲ್ಲ. ದಾಟಿಸುವುದಾಗಿ ಹೇಳಿ ಹೋದವರು ಎರಡು ಬೇಸಿಗೆಯಾದರೂ ತಿರುಗಿ ಬಂದಿಲ್ಲ. ನನ್ನ ಮನೆ ಈಚೆ ದಡದ ರಸ್ತೆಯಂಚಿನಲ್ಲಿದ್ದು ಫೈಬರ್ ಇದೆ. ನನ್ನ ಟೆರೇಸಿನಲ್ಲಿ ನಿಂತರೆ ಅವಳ ಮನೆಯ ಹಂಚು ಕಾಣುತ್ತದೆ. ಎರಡೂ ಮನೆಯ ಮೇಲೆ ಒಂದೊಂದು ವೈಫೈ ಡಿಶ್ಶನ್ನು ಪರಸ್ಪರ ಮುಖ ಮಾಡಿ ನಿಲ್ಲಿಸಿದರೆ ನನ್ನಲ್ಲಿಯ ಇಂಟರ್ನೆಟ್ ಹೊಳೆಯ ಮೇಲಿನ ಗಾಳಿಯಲ್ಲೇ ಅವಳಲ್ಲಿಗೆ ಹೋಗುತ್ತದೆ. ಯೋಚನೆ ಅವಳದು. ಯಾವ ಡಿಶ್ ಎಂದು ನಿರ್ಧರಿಸುವ ಹೊಣೆ ನನ್ನ ಮೇಲೆ ಬಿತ್ತು.

ನವರಾತ್ರಿಗೆ ಮುಂಚೆಯೇ ಮೂರು ಊರಿನಲ್ಲಿ ವಿಚಾರಿಸಿದ್ದೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಬಳಿಯ ಅಂಗಡಿಯಲ್ಲಿ ಎರಡು ಡಿಶ್ ಇದ್ದವು, ಎರಡು ಬೇರೆ ಬೇರೆ ಕಂಪನಿಯವು. ಒಂದಕ್ಕೊಂದು ಹೊಂದುತ್ತವೆಯೇ ಎಂದು ಕೇಳಿದೆ. ಅಂಗಡಿಯಾತ ಡಬ್ಬದ ಮೇಲಿನ ಧೂಳು ಒರೆಸುತ್ತಲೇ ಉತ್ತರಿಸಿದರು.

“ಸೇರ್ತದೆ ಮಾರಾಯ್ರೆ. ವೈಫೈ ಅಂದ್ಮೇಲೆ ಮುಗೀತು. ಅದಕ್ಕೆಂತ ಜಾತಕ ಕೂಡ್ಸಬೇಕಾ?”

ಶೃಂಗೇರಿಯಲ್ಲಿ ಸಿಸಿಟಿವಿ ಮಾರುವವರೊಬ್ಬರು ಇದಕ್ಕೆ ತದ್ವಿರುದ್ಧ ಹೇಳಿದರು. ಎರಡೂ ಒಂದೇ ಕಂಪನಿಯವಾಗಿರಬೇಕು, ಅದರಲ್ಲೂ ತಾವು ಮಾರುವ ಕಂಪನಿಯವೇ ಆಗಿರಬೇಕು, ಇಲ್ಲವಾದರೆ ಆರು ತಿಂಗಳಿಗೆ ತಮ್ಮ ಬಳಿ ಬಂದು ಅಳಬೇಕಾಗುತ್ತದೆ ಎಂದರು. ಬೇರೆ ಬೇರೆ ಡಿಶ್ ಇಟ್ಟುಕೊಂಡವರು ಯಾವುದಕ್ಕೆ ಯಾವುದೂ ಆಗುತ್ತದೆ ಎನ್ನುತ್ತಾರೆ. ಒಂದೇ ಕಂಪನಿಯದನ್ನು ಇಟ್ಟುಕೊಂಡವರು ಅದೊಂದೇ ಆಗುತ್ತದೆ ಎನ್ನುತ್ತಾರೆ. ಇಬ್ಬರ ಸತ್ಯವೂ ಅವರವರ ಕಪಾಟಿನಲ್ಲಿದ್ದ ಮಾಲಿಗೆ ಸರಿಯಾಗಿ ಹೊಂದುತ್ತಿತ್ತು. ಹಾಗೆ ಹೊಂದುವ ಸಾಕ್ಷ್ಯವನ್ನು ನಾನು ನಂಬುವುದಿಲ್ಲ.

ನರಸಿಂಹರಾಜಪುರದಲ್ಲಿ ಎಸ್ಟೇಟುಗಳಿಗೆ ಕ್ಯಾಮೆರಾ ಹಾಕಿಕೊಡುವ ಒಬ್ಬ ತಂತ್ರಜ್ಞರಿದ್ದರು. ಅವರು ಉತ್ತರಿಸುವ ಮೊದಲು ಪ್ರಶ್ನೆ ಕೇಳಿದರು. ದೂರ ಎಷ್ಟು, ನಡುವೆ ಮರ ಇದೆಯೇ, ಹೊಳೆ ಅಗಲವೆಷ್ಟು ಎಂದೆಲ್ಲ. ಇಷ್ಟೊಂದು ಕೇಳುವುದೇಕೆಂದು ಅದಕ್ಕೂ ನನಗೆ ಅನುಮಾನ. ಅವರ ಮಾತಿನ ಸಾರ ಇಷ್ಟು: ಎರಡೂ ಡಿಶ್ ಒಂದೇ ತರಂಗದಲ್ಲಿ ಕೆಲಸ ಮಾಡಬೇಕು, ಎರಡಕ್ಕೂ ಒಂದೇ ಭಾಷೆ ತಿಳಿದಿರಬೇಕು, ಏಕೆಂದರೆ ಪ್ರತಿ ಕಂಪನಿಗೂ ತನ್ನದೇ ಒಂದು ಗುಟ್ಟಿನ ಭಾಷೆ ಇರುತ್ತದೆ, ಮತ್ತು ತಂತಿಯಲ್ಲಿ ಹೋಗುವ ವಿದ್ಯುತ್ತು ಆಯಾ ಡಿಶ್ಶಿಗೆ ತಕ್ಕದಿರಬೇಕು, ಒಂದರ ಅಡಾಪ್ಟರನ್ನು ಇನ್ನೊಂದಕ್ಕೆ ಕೊಟ್ಟರೆ ಡಿಶ್ ಸುಟ್ಟೀತು. ಕಂಪನಿಯ ಭಾಷೆ ಬಿಟ್ಟು ಎಲ್ಲರ ಸಾಮಾನ್ಯ ಭಾಷೆಗೆ ಇಳಿಸಿದರೆ ಬೇರೆ ಬೇರೆ ಡಿಶ್‌ಗಳೂ ಮಾತಾಡಿಕೊಳ್ಳುತ್ತವೆ, ಆದರೆ ಎಷ್ಟು ಗಟ್ಟಿ ಎಂದು ಹೇಳಲಾರೆ ಎಂದರು. ಒಂದೇ ಕಂಪನಿಯ ಜೋಡಿಯನ್ನು ತರಿಸಿಕೊಡಬಲ್ಲರು, ಆದರೆ ಹಬ್ಬ ಕಳೆದ ಮೇಲೆ. ಗುರುವಾರ, ಅಕ್ಟೋಬರ್ ಹದಿನೇಳಕ್ಕೆ ತರಗತಿ ಶುರುವಾಗುವುದಿತ್ತು. ಆದ್ದರಿಂದಲೇ ಆ ಸೋಮವಾರ ಕೊಪ್ಪಕ್ಕೆ ಹೋಗಿ, ನಂಬಿಕೆ ಇಲ್ಲದೆಯೇ ಆ ಎರಡು ಜಾತಿಯ ಡಿಶ್ ಕೊಂಡೆ.

ಬುಧವಾರ ಅಂಗಡಿಯಾತ ತಾವೇ ಬಂದು ಕಟ್ಟಿಕೊಟ್ಟರು. ನನ್ನ ಟೆರೇಸಿನ ಕಂಬಕ್ಕೆ ಒಂದು; ಸೊಸೆಯ ಮನೆಯಲ್ಲಿ ಹಳೆಯ ಟಿವಿ ಆಂಟೆನಾದ ಪೈಪಿಗೆ ಇನ್ನೊಂದು. ಮಧ್ಯಾಹ್ನದವರೆಗೆ ಎರಡೂ ಒಂದನ್ನೊಂದು ಗುರುತಿಸಲಿಲ್ಲ. ಜಾತಕದ ಮಾತು ನೆನಪಿಸಿದೆ. ಅವರು ನಗಲಿಲ್ಲ. ಯಾರಿಗೋ ಫೋನು ಮಾಡಿ, ಕಂಪನಿಯ ವಿಶೇಷ ವಿಧಾನವನ್ನು ಎರಡರಲ್ಲೂ ಬಂದ್ ಮಾಡಿದ ಮೇಲೆ ಸೇರಿಕೊಂಡವು. ನರಸಿಂಹರಾಜಪುರದವರು ಹೇಳಿದ್ದು ಅದನ್ನೇ. ಎರಡೂ ಅಡಾಪ್ಟರ್ ನೋಡಲು ಒಂದೇ ತೆರದ ಕಪ್ಪು ಡಬ್ಬಿಗಳಾದ್ದರಿಂದ ಅದಲುಬದಲಾಗದಂತೆ ಚೀಟಿ ಅಂಟಿಸಿದೆ.

ಗುರುವಾರದ ತರಗತಿ ಸುಗಮವಾಗಿ ನಡೆಯಿತು. ಶುಕ್ರವಾರ ನಾಲ್ಕೂವರೆಗೆ ಮೋಡ ಕವಿದು, ತರಗತಿ ಶುರುವಾದ ಮೇಲೆ ಒಂದು ಹೊಡೆತ ಮಳೆ ಬಂತು. ಸವಕಳಿಯ ಲೆಕ್ಕ ಹೇಳುತ್ತಿದ್ದ ಸೊಸೆ ವಿದ್ಯಾರ್ಥಿಗಳ ಪರದೆಯ ಮೇಲೆ ಬಾಯಿ ತೆರೆದಂತೆಯೇ ನಿಂತುಬಿಟ್ಟಳಂತೆ. ಆ ದಿನ ಮತ್ತೆ ಸಂಪರ್ಕ ಬರಲಿಲ್ಲ. ಅವಳ ಸಂದೇಶ ನೋಡಿದ ಕೂಡಲೇ ನಾನು ಫೋನು ಮಾಡಿ, ಕೊಟ್ಟಿಗೆ ಮೂಲೆಯಲ್ಲಿ ಆಕೆ ಸಿಕ್ಕಿದಾಗ, ಡಿಶ್ ಗಾಳಿಗೆ ತಿರುಗಿದೆಯೋ ಎಂದು ತಿಳಿಯಲು ಒಂದು ಫೋಟೊ ತೆಗೆಯಲು ಹೇಳಿದೆ. ಕಳಿಸಿದಳು. ದಿಕ್ಕು ಬದಲಾಗಿರಲಿಲ್ಲ. ಅಷ್ಟು ನೋಡಿ ಬಿಟ್ಟೆ.

ನನ್ನ ಮನಸ್ಸಿನಲ್ಲಿ ಕೊಪ್ಪದ ಅಂಗಡಿಯಾತ ಆ ಸಂಜೆಯೇ ತಪ್ಪಿತಸ್ಥರಾದರು. ಫೋನಿನಲ್ಲಿ ಅವರು ಮಳೆಗೂ ಕಂಪನಿಗೂ ಸಂಬಂಧವಿಲ್ಲ ಎಂದರು. ಸಂಬಂಧವಿಲ್ಲದ್ದನ್ನು ಇಷ್ಟು ಬೇಗ ಹೇಳುವುದೇಕೆ ಎಂದುಕೊಂಡೆ. ಮುಂದಿನ ವಾರ ಮತ್ತೊಮ್ಮೆ ಮಳೆ, ಮತ್ತೊಮ್ಮೆ ಅದೇ ಕತೆ. ಈ ಸಲ ಮಳೆ ನಿಂತ ಮೇಲೂ ಸಂಪರ್ಕ ಬಂದದ್ದು ಮರುದಿನ ಬಿಸಿಲೇರಿದ ಬಳಿಕ. ಸಂಸ್ಥೆಯಿಂದ ಸೊಸೆಗೆ ಒಂದು ವಿನಯದ ಎಚ್ಚರಿಕೆ ಬಂತು. ಓದಿ ಹೇಳುವಾಗ ಅವಳ ಸ್ವರ ಸಮವಾಗಿಯೇ ಇತ್ತು, ಕಾಲೇಜು ಬಿಡಿಸಿದ ದಿನವೂ ಹಾಗೆಯೇ ಇತ್ತು.

ನರಸಿಂಹರಾಜಪುರದವರಿಗೆ ಜೋಡಿ ತರಿಸಲು ಹೇಳಿದೆ. ದೀಪಾವಳಿಗೆ ಮುಂಚೆ ಅವರು ಬಂದು ಹಳೆಯವನ್ನು ಇಳಿಸಿ, ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಡಿಶ್ ಏರಿಸಿದರು. ಡಬ್ಬದ ಮೇಲಿನ ಸಂಖ್ಯೆಗಳನ್ನು ಡಿಶ್ಶಿನ ಬೆನ್ನಿನ ಸಂಖ್ಯೆಗಳೊಂದಿಗೆ ನಾನು ಓದಿ ನೋಡಿದೆ. ಸಂಪರ್ಕ ಮೊದಲಿಗಿಂತ ಗಟ್ಟಿಯಾಗಿತ್ತು. ಕೊಪ್ಪದವರ ಡಿಶ್‌ಗಳು ಡಬ್ಬ ಸೇರಿ ನನ್ನ ಅಟ್ಟಕ್ಕೆ ಹೋದವು.

ಹಬ್ಬ ಕಳೆದ ಮೊದಲ ಮಳೆಗೆ ತರಗತಿ ಮೂರನೆಯ ಸಲ ಕಡಿಯಿತು.

ಆಗ ಸಂಸ್ಥೆ ಲಿಖಿತ ವಿವರಣೆ ಕೇಳಿತು. ನನ್ನ ಅನುಮಾನಕ್ಕೆ ಅಂಗಡಿಗಳು ಸಾಲದಾಗಿ ಅದು ಮನೆಯೊಳಗೆ ನುಗ್ಗಿತು. ನಮ್ಮ ಕಡೆ ಗುಡುಗು ಕೇಳಿದ ಕೂಡಲೇ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವುದು ರೂಢಿ. ಸಿಡಿಲಿಗೆ ಟಿವಿ, ಫೋನು ಕಳೆದುಕೊಳ್ಳದ ಮನೆಯಿಲ್ಲ. ಮಗಳ ಜೊತೆಯಲ್ಲೇ ಇರುವ ಅಕ್ಕ ಈ ವಿಷಯದಲ್ಲಿ ಮೋಡ ನೋಡಿಯೇ ಹೊರಡುವವಳು. ಸೊಸೆ ಒಳಕೋಣೆಯಲ್ಲಿ ಪಾಠ ಮಾಡುವಾಗ ಈಕೆ ಪಡಸಾಲೆಯ ಪ್ಲಗ್ಗು ಕಿತ್ತಿರಬೇಕೆಂದು ಅವಳನ್ನೇ ಕೇಳಿದೆ. ಅಕ್ಕ ನನಗಿಂತ ಆರು ವರ್ಷಕ್ಕೆ ಹಿರಿಯಳು; ಎಪ್ಪತ್ತು ದಾಟಿದ ನನ್ನನ್ನು ಈಗಲೂ ಮಾಣಿ ಎಂದೇ ಕರೆಯುವುದು. ಆ ಪ್ಲಗ್ಗು ಮುಟ್ಟಿದರೆ ಮಗಳು ಸುಮ್ಮನಿರುವುದಿಲ್ಲವೆಂದೂ, ತಾನು ಪ್ಲಗ್ಗಿನ ಹತ್ತಿರವೂ ಹೋಗಿಲ್ಲವೆಂದೂ, ಕಳ್ಳನನ್ನು ವಿಚಾರಿಸುವಂತೆ ಕೇಳಬೇಡವೆಂದೂ ಹೇಳಿ ಫೋನಿಟ್ಟಳು. ನಾನು ಪೂರ್ತಿ ನಂಬಲಿಲ್ಲ.

ಮರುದಿನ ಬೆಳಿಗ್ಗೆ ಆಕಾಶ ತೊಳೆದಂತಿತ್ತು. ಡಿಶ್ಶಿನ ಮುಖ ಸರಿಯಾಗಿದೆಯೇ ಎಂದು ನೋಡಲು ದುರ್ಬೀನು ಹಿಡಿದು ಟೆರೇಸಿಗೆ ಹೋದೆ. ದೇವಾಲಯಗಳ ಗೋಡೆಯ ಮೇಲ್ಭಾಗದಲ್ಲಿರುವ ಅಕ್ಷರ ಓದಲು ಹಿಂದೆ ಕೊಂಡಿದ್ದ ದುರ್ಬೀನು ಅದು. ಹೊಳೆಯಾಚೆ ಪೈಪಿನ ತುದಿಯಲ್ಲಿ ಬಿಳಿಯ ಡಿಶ್ ಕಾಣಬೇಕಿತ್ತು. ಕಂಡದ್ದು ಕಂದು ಬಣ್ಣದ ಏನೋ ಒಂದು, ಬೆನ್ನು ಬಾಗಿಸಿ ಕೂತ ಹಾಗೆ. ಕಣಜದ ಗೂಡೆಂದುಕೊಂಡೆ. ಸೇತುವೆ ಸುತ್ತಿಕೊಂಡು ಅಲ್ಲಿಗೆ ಹೋದೆ.

ಅಕ್ಕ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದಳು. ಮೇಲೆ ನೋಡಿದೆ. ಗೂಡಲ್ಲ, ಅಡಿಕೆ ಹಾಳೆ. ಅಡಿಕೆಯ ಸೋಗೆಯ ಬುಡದಲ್ಲಿ ತೊಗಲಿನಂತೆ ಇರುವ ಅಗಲವಾದ ಹಾಳೆಯನ್ನು ಬಾಗಿಸಿ, ಡಿಶ್ಶಿಗೆ ತಲೆಯಿಂದ ಮುಖದವರೆಗೆ ಟೋಪಿಯಂತೆ ಇಳಿಬಿಟ್ಟಿದ್ದರು. ಆ ಮನೆಯಲ್ಲಿ ಬಯಲಿಗೆ ನಿಂತ ಯಾವುದಕ್ಕೂ ಹಾಳೆಯ ಮುಚ್ಚಿಗೆ ತಪ್ಪುವುದಿಲ್ಲ. ಪಂಪಿನ ಸ್ಟಾರ್ಟರಿಗೆ, ಕರೆಂಟಿನ ಮೀಟರಿಗೆ, ಸ್ಕೂಟರಿನ ಸೀಟಿಗೆ ಎಲ್ಲಕ್ಕೂ ಇದೆ. ಇದು ನನಗೆ ಗೊತ್ತೇ ಇತ್ತು.

“ಅದೆಂತ ಅಕ್ಕಾ, ಡಿಶ್ಶಿನ ಮೇಲೆ?”

“ಹಾಳೆ. ಕಣ್ಣು ಕಾಣೂದಿಲ್ವಾ ಮಾಣಿ?”

“ಯಾರು ಹಾಕಿದ್ದು?”

“ನಾನೇ ಹಾಕ್ಸಿದ್ದು. ಅಷ್ಟು ದುಡ್ಡಿನ ಸಾಮಾನು, ಬೋಳುಬೋಳಾಗಿ ನಿಂತಿತ್ತು. ನೀವಿಬ್ರೂ ಓದ್ದೋರು. ಒಬ್ರಿಗೂ ಒಂದು ಹಾಳೆ ಮುಚ್ಚೂಣ ಅನ್ನಿಸ್ಲಿಲ್ಲ.”

ಕೊಯ್ಲಿಗೆ ಬಂದಿದ್ದವನು ನೆಲದಲ್ಲೇ ನಿಂತು ಗೊನೆ ಇಳಿಸುವ ಉದ್ದನೆಯ ದೋಟಿಯ ತುದಿಯಲ್ಲಿ ಹಾಳೆಯನ್ನು ಸಿಕ್ಕಿಸಿ, ಏಣಿ ಹತ್ತದೆ ಡಿಶ್ಶಿಗೆ ತೊಡಿಸಿದ್ದ. ಮಳೆಗೆ ನೆನೆಯಲೆಂದೇ ಮಾಡಿದ ಉಪಕರಣ ಅದು, ಏನೂ ಆಗುವುದಿಲ್ಲ ಎಂದು ವಿವರಿಸಿದೆ.

“ಹಾಗಂತ ಯಾರು ಹೇಳಿದ್ದು?”

“ಡಬ್ಬದ ಮೇಲೆ ಬರೆದಿದೆ.”

“ಡಬ್ಬದ ಮೇಲೆ ಬರ್ದಿದ್ದನ್ನ ನೀ ಯಾವತ್ತಿಂದ ನಂಬೂಕೆ ಶುರು ಮಾಡಿದ್ದು?”

ಒಳಗಿನಿಂದ ಸೊಸೆ ನಕ್ಕದ್ದು ಕೇಳಿಸಿತು. ಆ ತಿಂಗಳಲ್ಲಿ ಅವಳು ನಕ್ಕದ್ದು ನಾನು ಕೇಳಿದ್ದು ಅದೊಂದೇ ಸಲ.

ನರಸಿಂಹರಾಜಪುರದವರಿಗೆ ಫೋನು ಮಾಡಿದೆ. ಒಣ ಹಾಳೆಯಿಂದ ಹೆಚ್ಚೇನೂ ತೊಂದರೆಯಿಲ್ಲ, ನೀರು ಕುಡಿದ ಹಾಳೆ ತರಂಗವನ್ನು ನುಂಗುತ್ತದೆ ಎಂದರು. ತಾವು ಹಳೆಯ ಡಿಶ್ ಇಳಿಸುವಾಗಲೂ ಅದರ ಮೇಲೊಂದು ಹಾಳೆ ಇತ್ತು, ಮರದಿಂದ ಬಿದ್ದದ್ದೆಂದು ಕೆಳಗೆಸೆದೆವು ಎಂದೂ ಹೇಳಿದರು. ಹೊಸ ಡಿಶ್ಶಿಗೆ ಅಂದು ಸಂಜೆಯೇ ಹೊಸ ಹಾಳೆ ಬಂದಿರಬೇಕು.

ಅವರ ಬಾಯಿಮಾತನ್ನೂ ಪರೀಕ್ಷಿಸದೆ ಒಪ್ಪಲಿಲ್ಲ. ಹಾಳೆ ತೆಗೆಸಿ, ಸೊಸೆಯನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ ಸಿಗ್ನಲಿನ ಅಂಕಿ ಓದಿಸಿದೆ. ಒಣ ಹಾಳೆ ತೊಡಿಸಿದಾಗ ಅಂಕಿ ಕದಲಿತಷ್ಟೆ. ಅದೇ ಹಾಳೆಯನ್ನು ತೊಟ್ಟಿಯಲ್ಲಿ ನೆನೆಸಿ ತೊಡಿಸಿದಾಗ ಕುಸಿದು, ಸ್ವಲ್ಪ ಹೊತ್ತಿಗೆ ಸಂಪರ್ಕವೇ ಹೋಯಿತು. ತೆಗೆದ ಕೂಡಲೇ ಬಂತು. ಮೂರು ಸಲ ಮಾಡಿದೆವು, ಮೂರು ಸಲವೂ ಹಾಗೆಯೇ. ಅಕ್ಕ ಕೈ ಕಟ್ಟಿ ನೋಡುತ್ತಿದ್ದು, ಒಳ್ಳೆಯ ಹಾಳೆಯೊಂದನ್ನು ಹಾಳು ಮಾಡಿದಿರಿ ಎಂದು ಒಳಗೆ ಹೋದಳು.

ಸಂಸ್ಥೆಗೆ ಕಳಿಸುವ ವಿವರಣೆಯ ಕರಡನ್ನು ನಾನೇ ಬರೆದೆ. ಮೂರೂ ಸಲದ ಅಡಚಣೆಗೆ ಕಾರಣ ಒಂದೇ, ಉಪಕರಣದ ಮೇಲೆ ಯಾರೋ ಹಾಕಿದ್ದ ಮುಚ್ಚಿಗೆ ಮಳೆಗೆ ನೆನೆದದ್ದು, ಪರೀಕ್ಷೆಯಿಂದ ಇದು ದೃಢಪಟ್ಟಿದೆ, ಮುಚ್ಚಿಗೆಯನ್ನು ತೆಗೆಯಲಾಗಿದೆ, ಇನ್ನು ಮರುಕಳಿಸದು. ಸೊಸೆ ಸಹಿ ಹಾಕಿ ಕಳಿಸಿದಳು. ಆ ನಂತರ ಬಂದ ಎರಡು ಮಳೆಗೂ ತರಗತಿ ಕಡಿಯಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಸಂಸ್ಥೆ ವಿವರಣೆಯನ್ನು ಒಪ್ಪಿಕೊಂಡಿರುವುದಾಗಿ ತಿಳಿಸಿ, ಅವಳನ್ನು ಒಂದು ವರ್ಷಕ್ಕೆ ಮುಂದುವರಿಸಿತು. ಅವಳು ಫೋನಿನಲ್ಲಿ ಅದನ್ನು ಎರಡು ಸಲ ಓದಿದಳು.

ಹಾಗೆಯೇ ಒಂದು ಮಾತನ್ನೂ ಸೇರಿಸಿದಳು. “ಮಾವ, ಹಾಗಾದ್ರೆ ಕೊಪ್ಪದವರ ಡಿಶ್ ಸರಿಯೇ ಇತ್ತಲ್ಲ. ಅವರಿಗೊಂದು ಮಾತು ಹೇಳಿ ಬನ್ನಿ. ಪಾಪ, ಎಷ್ಟು ಫೋನ್ ಮಾಡಿ ಪೀಡಿಸಿದ್ರಿ ನೀವು.”

ನ್ಯಾಯವಾದ ಮಾತು. ಆದರೆ ಹೇಳಹೊರಡುವ ಮುಂಚೆ ಹಾಳೆ ತೊಡಿಸಿದ ದಿನ ಗೊತ್ತಾಗಬೇಕಿತ್ತು; ಅದು ಮೊದಲ ಮಳೆಗಿಂತ ಮುಂಚೆಯಾಗಿದ್ದರೆ ಮಾತ್ರ ಅವರ ಡಿಶ್ ನಿರ್ದೋಷಿ. ಅಕ್ಕನನ್ನು ಕೇಳಿದೆ. ಡಿಶ್ ಕಟ್ಟಿದ ಮರುದಿನವೇ ಎಂದಳು, ಅನುಮಾನವೇ ಇಲ್ಲವಂತೆ. ಎಂದರೆ ಹದಿನೇಳು, ಗುರುವಾರ. ಗುರುವಾರ ಮಳೆ ಇಲ್ಲ, ಹಾಳೆ ಒಣಗಿತ್ತು, ತರಗತಿ ನಡೆಯಿತು. ಶುಕ್ರವಾರ ನೆನೆಯಿತು, ಕಡಿಯಿತು. ಸೊಸೆಯ ನೆನಪೂ ಅದೇ. ಬುಧವಾರ ಬೋಳಾಗಿದ್ದ ಡಿಶ್ ಶುಕ್ರವಾರದ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿತ್ತೆಂದು ನನಗೂ ಈಗ ನೆನಪಿದ್ದಂತೆ ಅನಿಸುತ್ತಿತ್ತು. ದೋಟಿಯವನಿಗೆ ಮಾತ್ರ ದಿನ ನೆನಪಿರಲಿಲ್ಲ. ಕರೆದಾಗ ಬಂದೆ, ಹೇಳಿದಲ್ಲಿ ಹಾಕಿದೆ ಎಂದ. ಮೂವರ ನೆನಪು ಒಂದೇ ಆಗಿರುವುದು ನನಗೆ ಸರಿಬರಲಿಲ್ಲ. ನಾವು ಮೂವರೂ ಈ ಕತೆಯನ್ನು ನವೆಂಬರಿನಿಂದ ಒಟ್ಟಿಗೆ ಕೂತು ಹಲವು ಸಲ ಹೇಳಿಕೊಂಡಿದ್ದೆವು.

ಆಗ ಸೊಸೆ ಕಳಿಸಿದ್ದ ಆ ಫೋಟೊ ನೆನಪಾಯಿತು. ನಿನ್ನೆ ಫೋನಿನಲ್ಲಿ ಹುಡುಕಿ ತೆಗೆದೆ. ತೆಗೆದ ದಿನ ೨೦೨೪ರ ಅಕ್ಟೋಬರ್ ೧೮, ಶುಕ್ರವಾರ, ಸಂಜೆ. ಫೋನಿನ ಗಡಿಯಾರ ತಪ್ಪಿರಬಹುದೆಂದು ಸುತ್ತಲಿನ ಸಂದೇಶಗಳನ್ನೂ ನೋಡಿದೆ. ಅದರ ಮೇಲೆ, ತರಗತಿ ನಿಂತುಹೋಯಿತೆಂದು ಅವಳು ಅದೇ ಸಂಜೆ ಕಳಿಸಿದ ಒಂದು ಸಾಲಿದೆ. ಕೆಳಗೆ, ದಿಕ್ಕು ಸರಿಯಿದೆ ಎಂದ ನನ್ನ ಉತ್ತರ. ಫೋಟೊದಲ್ಲಿ ಪೈಪು ಇದೆ, ಹಿಂದೆ ಮೋಡವಿದೆ. ಡಿಶ್ಶಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದೆ. ಅದರ ಮೇಲೆ ಹಾಳೆ ಇಲ್ಲ.